ತೈ ಚಿ ಜೋಡಿ ಅಭ್ಯಾಸ: ಮೊದಲು ತಳ್ಳುವುದನ್ನು ಕಲಿಯಿರಿ

ಚೀನಾದ ಸಮರಕಲೆಯಾದ ತೈ ಚಿಯಲ್ಲಿ ಇಬ್ಬರು ಎದುರುಬದುರು ನಿಂತು ಮಾಡುವ ಅಭ್ಯಾಸಕ್ಕೆ ತುಯ್ ಶೌ ಎನ್ನುತ್ತಾರೆ. ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ಒಬ್ಬರು ತಳ್ಳುತ್ತಾರೆ, ಇನ್ನೊಬ್ಬರು ಆ ಬಲವನ್ನು ಪಕ್ಕಕ್ಕೆ ಹರಿಯಬಿಡುತ್ತಾರೆ, ಆಮೇಲೆ ಪಾತ್ರ ಅದಲುಬದಲು. ನೋಡುವವರ ಕಣ್ಣೆಲ್ಲ ತಪ್ಪಿಸಿಕೊಳ್ಳುವವರ ಮೇಲೆ. ಕಲಿಯುವವರ ಗಮನವೂ ಅಲ್ಲೇ. 'ಅವರು ತಳ್ಳಿದಾಗ ನಾನೇನು ಮಾಡಬೇಕು?' ಎಂದು ಎಲ್ಲರೂ ಕೇಳುತ್ತಾರೆ. 'ನಾನು ಹೇಗೆ ತಳ್ಳಬೇಕು?' ಎಂದು ಕೇಳುವವರು ಅಪರೂಪ. ವರ್ಷಗಟ್ಟಲೆ ಜೋಡಿ ಅಭ್ಯಾಸ ಮಾಡಿದರೂ ಎಷ್ಟೋ ಜನರ ಕೈಗೆ ಸೂಕ್ಷ್ಮತೆ ಬಾರದಿರುವುದಕ್ಕೆ ಇದೇ ದೊಡ್ಡ ಕಾರಣ ಅನ್ನುವುದು ನನ್ನ ಅಭಿಪ್ರಾಯ. ಕೊಡುವವರ ಬಲವೇ ಗೊಂದಲವಾಗಿದ್ದರೆ ಪಡೆಯುವವರು ಎಷ್ಟೇ ಜಾಣರಾದರೂ ಅವರಿಗೆ ಆಲಿಸಲು ಏನೂ ಸಿಗುವುದಿಲ್ಲ. ಈ ಬರಹದಲ್ಲಿ ತಳ್ಳುವವರನ್ನು 'ಕೊಡುವವರು' ಎಂದೂ ಎದುರಿನವರನ್ನು 'ಪಡೆಯುವವರು' ಎಂದೂ ಕರೆಯುತ್ತೇನೆ.

ತಳ್ಳುವ ಮೊದಲು ಮುಟ್ಟುವ ಮಾತು. ನಾಲ್ಕು ಲಿಯಾಂಗ್ ಬಲದಿಂದ ಸಾವಿರ ಜಿನ್ ಭಾರವನ್ನು ಸರಿಸಬೇಕು ಎಂಬ ಹಳೆಯ ಮಾತು ತೈ ಚಿ ಕಲಿಯುವವರೆಲ್ಲರ ಕಿವಿಗೂ ಬಿದ್ದಿರುತ್ತದೆ. ಚೀನಾದ ಹಳೆಯ ತೂಕದಲ್ಲಿ 16 ಲಿಯಾಂಗ್ ಸೇರಿದರೆ ಒಂದು ಜಿನ್. ಚಿಂಗ್ ಅರಸರ ಕಾಲದ ಜಿನ್ ಸುಮಾರು 600 ಗ್ರಾಂ. ಅಲ್ಲಿಗೆ ನಾಲ್ಕು ಲಿಯಾಂಗ್ ಅಂದರೆ 150 ಗ್ರಾಂ ಆಸುಪಾಸು. ಸಾವಿರ ಜಿನ್ ಎಂಬುದು ಕವಿಯ ಉತ್ಪ್ರೇಕ್ಷೆ ಇರಬಹುದು, ಆದರೆ ಆ 150 ಗ್ರಾಂ ದಿನದ ಅಭ್ಯಾಸಕ್ಕೆ ಒದಗುವ ಅಳತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಅಂಗೈ ಇಟ್ಟು, ತೋರುಫಲಕ 150ರ ಆಚೀಚೆ ನಿಲ್ಲುವಂತೆ ಒಂದು ನಿಮಿಷ ಹಿಡಿದು ನೋಡಿ. ಸುಲಭವಲ್ಲ. 70 ಕಿಲೋ ತೂಕದ ವ್ಯಕ್ತಿಯ ಮಣಿಕಟ್ಟಿನಿಂದ ಕೆಳಗಿನ ಕೈಯೇ ಸುಮಾರು 400 ಗ್ರಾಂ ತೂಗುತ್ತದೆ. ಮುಂಗೈಯ ಭಾರವೂ ಸೇರಿದರೆ ಒಂದೂವರೆ ಕಿಲೋ ಹತ್ತಿರ. ಅಂದರೆ ಕೈಯನ್ನು ಪೂರ್ತಿ ಸಡಿಲಬಿಟ್ಟು ಎದುರಿನವರ ಮೇಲೆ ಇಟ್ಟರೆ ಅದು ಹಗುರವಾದ ಸ್ಪರ್ಶ ಆಗುವುದೇ ಇಲ್ಲ. ನಿಮ್ಮ ಕೈಯ ಭಾರವನ್ನು ನೀವೇ ಹೊತ್ತುಕೊಂಡಿರಬೇಕು, ಅದೂ ಭುಜ ಎತ್ತದೆ. ಸಡಿಲವಾಗಿರಿ ಎಂದು ಗುರುಗಳು ಹೇಳಿದ ತಕ್ಷಣ ಕೈಯನ್ನು ಜೋತುಹಾಕುವವರು ಇಲ್ಲೇ ಎಡವುತ್ತಾರೆ.

ಹಗುರ ಏಕೆ ಬೇಕು? ಸಭ್ಯತೆಗಲ್ಲ, ಅಳತೆಗೆ. ಜರ್ಮನಿಯ ಅರ್ನ್ಸ್ಟ್ ವೇಬರ್ 1834ರಲ್ಲಿ ಸ್ಪರ್ಶದ ಬಗ್ಗೆ ಪ್ರಕಟಿಸಿದ ಕೆಲಸದಿಂದ ಬಂದ ನಿಯಮ ಇದು: ಎರಡು ಭಾರಗಳ ನಡುವಿನ ವ್ಯತ್ಯಾಸ ಗೊತ್ತಾಗಬೇಕಾದರೆ ಅದು ಈಗಾಗಲೇ ಇರುವ ಭಾರದ ಒಂದು ನಿರ್ದಿಷ್ಟ ಪಾಲಿನಷ್ಟಾದರೂ ಇರಬೇಕು. ಲೆಕ್ಕಕ್ಕೆ ಆ ಪಾಲು ನೂರಕ್ಕೆ 5 ಎಂದಿಟ್ಟುಕೊಳ್ಳಿ. ಮಣಿಕಟ್ಟುಗಳ ನಡುವೆ 150 ಗ್ರಾಂ ಒತ್ತಡವಿದ್ದರೆ 7–8 ಗ್ರಾಂ ಬದಲಾವಣೆ ಕೈಗೆ ತಿಳಿಯುತ್ತದೆ. ಅದೇ ಮಣಿಕಟ್ಟುಗಳು ಮೂರು ಕಿಲೋ ಬಲದಲ್ಲಿ ಒಂದಕ್ಕೊಂದು ಆತುಕೊಂಡಿದ್ದರೆ 150 ಗ್ರಾಂ ಬದಲಾದ ಮೇಲಷ್ಟೇ ಗೊತ್ತಾಗುವುದು. ಎದುರಿನವರು ಕದಲುವ ಮೊದಲ ಸುಳಿವು ಅಷ್ಟರಲ್ಲಿ ಬಂದು ಹೋಗಿರುತ್ತದೆ. ಇದರ ಜೊತೆಗೆ ನಮ್ಮದೇ ಸ್ನಾಯುಗಳ ಗದ್ದಲ ಬೇರೆ. ತೋಳಿನ ಮುಂದಿನ ಸ್ನಾಯುವೂ ಹಿಂದಿನ ಸ್ನಾಯುವೂ ಒಟ್ಟಿಗೆ ಬಿಗಿದಿದ್ದಾಗ ಹೊರಗಿನಿಂದ ಬಂದ ಬಲ ಯಾವುದು, ಒಳಗಿನಿಂದ ಎದ್ದದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಎದುರಿನವರನ್ನು ಸ್ಪರ್ಶದಿಂದ ಓದುವ ಈ ಕಸುವಿಗೆ ತಿಂಗ್ ಜಿನ್, ಅಂದರೆ ಆಲಿಸುವ ಬಲ, ಎನ್ನುತ್ತಾರೆ (ತೂಕದ ಜಿನ್ ಬೇರೆ ಪದ). ಅದರಲ್ಲಿ ನಿಗೂಢವಾದದ್ದೇನೂ ಇಲ್ಲ; ಗದ್ದಲ ಕಡಿಮೆಯಾದಷ್ಟೂ ಸುಳಿವು ಎದ್ದು ಕಾಣುತ್ತದೆ.

ನಿಲುವು ಮತ್ತು ದೂರ

ಇಬ್ಬರೂ ಬಲಗಾಲು ಮುಂದಿಟ್ಟು ನಿಲ್ಲಿ. ಎರಡು ಪಾದಗಳ ನಡುವೆ ಅಡ್ಡಕ್ಕೆ ಭುಜದಗಲದಷ್ಟು ಜಾಗ ಇರಲಿ. ಒಂದು ಪಾದದ ನೇರ ಹಿಂದೆ ಇನ್ನೊಂದು ಬಂದರೆ ಪಕ್ಕದಿಂದ ಬೆರಳು ತಾಗಿಸಿದರೂ ಸಮತೋಲ ಹೋಗುತ್ತದೆ. ಉದ್ದ ಎಷ್ಟು ಅಂದರೆ, ಹಿಂದಿನ ಕಾಲಿನ ಮೇಲೆ ಪೂರ್ತಿ ಕೂತಾಗ ಮುಂದಿನ ಪಾದವನ್ನು ಮೈ ಅಲುಗದಂತೆ ಎತ್ತಲು ಬರಬೇಕು. ಹಿಂದಿನ ಪಾದದ ಬೆರಳುಗಳು 45 ಡಿಗ್ರಿಯಷ್ಟು ಹೊರಕ್ಕೆ. ಮುಂದೆ ಹೋದಾಗ ಮುಂಗಾಲಿನ ಮೇಲೆ ನೂರಕ್ಕೆ 70 ಭಾಗ ಭಾರ, ಹಿಂದೆ ಕೂತಾಗ ಹಿಂಗಾಲಿನ ಮೇಲೆ 70. ನೂರಕ್ಕೆ ನೂರು ಎರಡೂ ಕಡೆ ಬೇಡ; ತುದಿ ಮುಟ್ಟಿದ ಮೇಲೆ ಹೋಗಲು ಜಾಗವೇ ಉಳಿಯುವುದಿಲ್ಲ. ಮೈತೂಕ ನೋಡುವ ಯಂತ್ರ ಎರಡು ಸಿಕ್ಕರೆ ಒಂದೊಂದು ಪಾದ ಒಂದೊಂದರ ಮೇಲಿಟ್ಟು ಒಮ್ಮೆ ಪರೀಕ್ಷಿಸಿ. ನಾವು ಅಂದುಕೊಂಡ 70 ಎಷ್ಟೋ ಸಲ 55 ಆಗಿರುತ್ತದೆ.

ಮುಂದಿನ ಮಂಡಿ ಬೆರಳುಗಳ ತುದಿಯನ್ನು ದಾಟಬಾರದು, ಪಾದದ ದಿಕ್ಕು ಬಿಟ್ಟು ಒಳಗೆ ಬಾಗಲೂಬಾರದು. ಸೊಂಟ ತಿರುಗಬೇಕಾದದ್ದು ತೊಡೆಸಂದಿಯ ಮಡಿಕೆಯಲ್ಲಿ. ಅಲ್ಲಿ ಬಿಗಿಯಿದ್ದರೆ ತಿರುವು ಮಂಡಿಗೆ ಇಳಿಯುತ್ತದೆ, ಮಂಡಿ ತಿರುಚುವುದಕ್ಕೆಂದು ಇರುವ ಕೀಲು ಅಲ್ಲ. ತುಯ್ ಶೌ ಮಾಡುವವರ ಮಂಡಿನೋವು ಹೆಚ್ಚಾಗಿ ಇಲ್ಲಿಂದಲೇ ಶುರು.

ದೂರದ ವಿಷಯದಲ್ಲಿ ಬಹಳ ಜನ ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ. ಇಬ್ಬರೂ ಭಾರವನ್ನು ನಡುವೆ ಇಟ್ಟು ಕೈ ಎತ್ತಿದಾಗ ಮಣಿಕಟ್ಟುಗಳು ಇಬ್ಬರಿಗೂ ಸಮದೂರದಲ್ಲಿ ಸೇರಬೇಕು, ಮೊಣಕೈ ಲಂಬಕೋನಕ್ಕಿಂತ ತುಸು ಹೆಚ್ಚು ತೆರೆದಿರಬೇಕು. ಈಗ ಕೊಡುವವರು ಮುಂದೆ ಹೋಗಲಿ, ಪಡೆಯುವವರು ಅಲುಗಾಡದೆ ನಿಂತಿರಲಿ. ಕೈ ಎದೆಗೆ ತಲುಪಿತೇ? ತಲುಪಲಿಲ್ಲ ಎಂದರೆ ನೀವು ದೂರ ನಿಂತಿದ್ದೀರಿ. ತಲುಪದ ಬಲವನ್ನು ಯಾರೂ ತಪ್ಪಿಸಬೇಕಾಗಿಲ್ಲ. ಆದರೂ ತಪ್ಪಿಸಿದೆ ಎಂಬ ಭ್ರಮೆ ಮಾತ್ರ ದಿನವೂ ಬೆಳೆಯುತ್ತದೆ.

ಒಂದು ತಳ್ಳುವಿಕೆ, ಹತ್ತಿರದಿಂದ

ಕೈಗಳ ಚಕ್ರಕ್ಕೆ ಹೋಗುವ ಮೊದಲು ಕೈ ಇಲ್ಲದ ಅಭ್ಯಾಸವೊಂದನ್ನು ಮಾಡಬೇಕು. ಪಡೆಯುವವರು ಕೈಗಳನ್ನು ಇಳಿಬಿಟ್ಟು ನಿಲ್ಲಲಿ. ಕೊಡುವವರು ಒಂದು ಅಂಗೈಯನ್ನು ಅವರ ಭುಜದ ಮುಂಭಾಗದಲ್ಲಿ, ಕಾಲರ್ ಮೂಳೆಯ ಹೊರತುದಿಗೆ ತುಸು ಕೆಳಗೆ ಇಡಲಿ. ಮೊದಲು ಬರೀ ಮುಟ್ಟುವುದು: 150 ಗ್ರಾಂ, ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಹಿಂಗಾಲಿನಿಂದ ಹೊರಟು ಮುಂದೆ ಸರಿಯುತ್ತ ಮೂರು ಸೆಕೆಂಡುಗಳಲ್ಲಿ ಒತ್ತಡವನ್ನು ಒಂದು ಕಿಲೋಗೆ ಏರಿಸಬೇಕು. ಮೊಣಕೈಯ ಕೋನ ಬದಲಾಗಬಾರದು. ಕೋನ ಬಿಚ್ಚಿಕೊಂಡರೆ ತಳ್ಳಿದ್ದು ತೋಳು, ಕಾಲಲ್ಲ. ದಿಕ್ಕು ಪಡೆಯುವವರ ಬೆನ್ನುಹುರಿಯ ಕಡೆಗೆ ನೇರ; ಭುಜದ ಹೊರಗಿನ ಗಾಳಿಯ ಕಡೆಗಲ್ಲ.

ಪಡೆಯುವವರ ಕೆಲಸ ಒತ್ತಡವನ್ನು ಇದ್ದಷ್ಟರಲ್ಲೇ ಇಟ್ಟುಕೊಳ್ಳುವುದು. ಅಂಗೈ ಬಂದಷ್ಟೇ ಭುಜ ಹಿಂದೆ ಹೋಗಲಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಬಲ ಭುಜ ಹಿಂದೆ ಸರಿದಾಗ ಎಡ ಭುಜ ಅಷ್ಟೇ ಮುಂದೆ ಬರಬೇಕು, ನಡುವಿನ ಕಂಬದ ಸುತ್ತ ತಿರುಗುವ ಬಾಗಿಲಿನ ಹಾಗೆ. ಎಡ ಭುಜ ಇದ್ದಲ್ಲೇ ಉಳಿದರೆ ಅವರು ತಿರುಗಿಲ್ಲ, ಎದೆ ಮಡಚಿಕೊಂಡಿದ್ದಾರೆ. ಇಡೀ ಮೈ ಹಿಂದಕ್ಕೆ ವಾಲಿದರೆ ಓಡಿಹೋಗುತ್ತಿದ್ದಾರೆ. ಆಗ ಹಿಮ್ಮಡಿಗೆ ಭಾರ ಬಂದು ಮುಂಗಾಲಿನ ಬೆರಳುಗಳು ನೆಲ ಬಿಡುತ್ತವೆ. ಪಡೆಯುವವರ ಪಾದ ನೋಡಿದರೆ ಸಾಕು, ಮೇಲೇನು ನಡೆದಿದೆ ಎಂದು ತಿಳಿಯುತ್ತದೆ.

ಕೊಡುವವರ ಕಡೆಯಿಂದ ಆಗುವ ತಪ್ಪುಗಳೇ ಇಲ್ಲಿ ಹೆಚ್ಚು. ಎಲ್ಲಕ್ಕಿಂತ ಸಾಮಾನ್ಯವಾದದ್ದು ಅತಿ ದಯೆ. ಎದುರಿನವರು ಎತ್ತ ತಿರುಗುತ್ತಾರೆಂದು ಗೊತ್ತಿರುವುದರಿಂದ ಕೈ ತಾನಾಗಿ ಆ ಕಡೆಗೇ ಜಾರುತ್ತದೆ. ಪಡೆಯುವವರಿಗೆ ಎಲ್ಲವೂ ಸರಾಗ ಅನ್ನಿಸುತ್ತದೆ, ಕಲಿತದ್ದು ಮಾತ್ರ ಸೊನ್ನೆ. ಇದಕ್ಕೊಂದು ಪರೀಕ್ಷೆ ಇದೆ. ಹತ್ತರಲ್ಲಿ ಒಂದು ಸಲ ಪಡೆಯುವವರು ಬೇಕೆಂದೇ ತಿರುಗದೆ ನಿಲ್ಲಲಿ. ತಳ್ಳಿದ ಕೈ ನೇರವಾಗಿ ಅವರ ಮಧ್ಯಕ್ಕೆ ಬಂದು ಒಂದು ಕಿಲೋ ಆದೊಡನೆ ನಿಂತರೆ ಅದು ಪ್ರಾಮಾಣಿಕ ತಳ್ಳುವಿಕೆ. ಪಕ್ಕಕ್ಕೆ ಜಾರಿಹೋದರೆ ಅಲ್ಲಿಯವರೆಗಿನ ಒಂಬತ್ತೂ ನಾಟಕ.

ಇನ್ನೊಂದು ತಪ್ಪು ಇದರ ತಿರುಗುಮುರುಗು: ಎದುರಿನವರು ತಿರುಗಲು ಶುರುಮಾಡಿದ್ದನ್ನು ಕಂಡು ನಡುವೆ ದಿಕ್ಕು ಬದಲಿಸಿ ಹಿಡಿದುಹಾಕುವುದು. ಅದು ಮುಂದೆ ಕಲಿಯಬೇಕಾದ ಪಾಠ. ಈ ಹಂತದಲ್ಲಿ ಮಾಡಿದರೆ ಪಡೆಯುವವರು ಆಲಿಸುವುದನ್ನು ಬಿಟ್ಟು ಊಹಿಸಲು ಶುರುಮಾಡುತ್ತಾರೆ, ಮುಂದಾಗಿಯೇ ಮೈ ಬಿಗಿಹಿಡಿಯುತ್ತಾರೆ. ಜರ್ಕಿನಿಂದ ಶುರುಮಾಡುವುದೂ ಹಾಗೆಯೇ ಕೆಡುಕು. ಏಕಾಏಕಿ ಬಂದ ಬಲಕ್ಕೆ ಮೈ ತಾನೇ ಬಿಗಿಯುತ್ತದೆ, ಅದು ಪ್ರತಿವರ್ತನೆ. ಅದನ್ನು ಮತ್ತೆ ಮತ್ತೆ ಕೆಣಕಿ ಸಡಿಲತೆಯನ್ನು ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಇನ್ನು ತೋಳಿನಿಂದ ಮಾತ್ರ ತಳ್ಳುವವರ ವಿಷಯ. ಅವರ ಕೈಯಲ್ಲಿ ಒತ್ತಡ ಇರುತ್ತದೆ, ಆದರೆ ಅದರ ಹಿಂದೆ ಮೈ ಇರುವುದಿಲ್ಲ. ಮುಟ್ಟಿದ ಕೈಯ ಮೂಲಕ ಎದುರಿನವರ ಪಾದದವರೆಗೆ ಓದುವುದೇ ಇಡೀ ಅಭ್ಯಾಸದ ಗುರಿಯಾಗಿರುವಾಗ, ಪಾದವೇ ಸುಮ್ಮನಿದ್ದರೆ ಓದುವುದೇನನ್ನು?

ಕೊಡುವವರು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಲು: ಒತ್ತಡ ಒಂದು ಕಿಲೋ ಮುಟ್ಟಿದ ಕ್ಷಣದಲ್ಲಿ ಪಡೆಯುವವರು ಭುಜವನ್ನು ಥಟ್ಟನೆ ಖಾಲಿ ಮಾಡಲಿ. ನೀವು ಮುಗ್ಗರಿಸಿದರೆ, ಮುಂಗಾಲಿನ ಬೆರಳುಗಳು ನೆಲವನ್ನು ಕಚ್ಚಿ ಹಿಡಿದರೆ, ನೀವು ತಳ್ಳುತ್ತಿರಲಿಲ್ಲ; ಒರಗಿಕೊಂಡಿದ್ದಿರಿ. ಎದುರಿನವರನ್ನು ಗೋಡೆ ಮಾಡಿಕೊಂಡು ನಿಂತವರಿಗೆ ಆ ಗೋಡೆ ಏನು ಮಾಡುತ್ತಿದೆ ಎಂದು ತಿಳಿಯುವುದಿಲ್ಲ. ಇದೇ ಪರೀಕ್ಷೆಯನ್ನು ಪಡೆಯುವವರ ಮೇಲೂ ಮಾಡಬಹುದು. ಅವರು ಮುಂಗೈಯನ್ನು ಎದೆಯ ಮುಂದೆ ಕಮಾನಿನಂತೆ ಹಿಡಿದು ನಿಂತಿರುವಾಗ ಎರಡು–ಮೂರು ಕಿಲೋವರೆಗೆ ನಿಧಾನವಾಗಿ ಒತ್ತಿ, ಹೇಳದೆ ಕೈ ತೆಗೆಯಿರಿ. ಕಮಾನು ಇದ್ದಲ್ಲೇ ಇದ್ದರೆ ಬಲ ಅವರ ಹಿಂಗಾಲಿಗೆ ಇಳಿಯುತ್ತಿತ್ತು. ಮುಂದಕ್ಕೆ ಚಿಮ್ಮಿದರೆ ಅವರು ತಿರುಗಿ ತಳ್ಳುತ್ತಿದ್ದರು, ತಮಗೇ ಗೊತ್ತಿಲ್ಲದೆ.

ಒಂಟಿ ಕೈಯ ಚಕ್ರ

ಯಾಂಗ್ ಶೈಲಿಯಲ್ಲಿ ಸಾಮಾನ್ಯವಾಗಿ ಮೊದಲು ಕಲಿಸುವುದು ಒಂದೇ ಕೈಯ ಅಡ್ಡಚಕ್ರ, ಪಾದ ಕದಲಿಸದೆ. ಚೆನ್ ಶೈಲಿಯವರು ಲಂಬವಾದ ಚಕ್ರಕ್ಕೂ ಸುರುಳಿ ತಿರುವಿಗೂ ಹೆಚ್ಚು ಒತ್ತು ಕೊಡುತ್ತಾರೆ, ನಿಲುವು ಕೂಡ ಕೆಳಗಿರುತ್ತದೆ. ಹೆನಾನ್ ಪ್ರಾಂತದ ಚೆನ್‌ಜಿಯಾಗೌ ಹಳ್ಳಿಯಲ್ಲಿ ಕಲಿತ ಯಾಂಗ್ ಲುಚಾನ್ ಅವರಿಂದ ಯಾಂಗ್ ಶೈಲಿ ಹುಟ್ಟಿದ್ದರಿಂದ ಎರಡರ ಬುಡ ಒಂದೇ. ಇಲ್ಲಿ ಹೇಳುವುದು ಅಡ್ಡಚಕ್ರ.

ಇಬ್ಬರ ಬಲ ಮಣಿಕಟ್ಟುಗಳ ಹಿಂಭಾಗ ತಾಗಿರಲಿ. ಕೊಡುವವರು ಅಂಗೈಯನ್ನು ಎದುರಿನವರ ಮಣಿಕಟ್ಟಿನ ಮೇಲೆ ತಿರುಗಿಸಿ, ಆ ಮಣಿಕಟ್ಟಿನ ಮೂಲಕ ಅವರ ಎದೆಯ ನಡುವಿಗೆ ತಳ್ಳುತ್ತ ಮುಂದೆ ಸರಿಯುತ್ತಾರೆ. ಪಡೆಯುವವರು ಮೊದಲು ಹಿಂದಕ್ಕೆ ಕೂರುತ್ತಾರೆ, ಕೈ ಎದೆಗೆ ಸುಮಾರು ಎರಡು ಗೇಣು ದೂರವಿರುವಾಗ ಸೊಂಟವನ್ನು ಬಲಕ್ಕೆ ತಿರುಗಿಸುತ್ತಾರೆ. ತಳ್ಳಿದ ಬಲ ಅವರ ಬಲ ಭುಜದ ಹೊರಗೆ ಹಾದುಹೋಗುತ್ತದೆ. ಅಲ್ಲಿಂದ ಅವರ ಅಂಗೈ ತಿರುಗಿ ಈಗ ಅವರೇ ಕೊಡುವವರು. ಒಂದು ಪೂರ್ತಿ ಸುತ್ತಿಗೆ 6ರಿಂದ 8 ಸೆಕೆಂಡು. ಪ್ರತಿ ಬದಿಗೆ ಹತ್ತು ನಿಮಿಷ. ಆಮೇಲೆ ಎಡಗಾಲು, ಎಡಗೈ.

ತಿರುಗುವ ಹೊತ್ತು ಮುಖ್ಯ. ಬೇಗ ತಿರುಗಿದರೆ ಕೊಡುವವರ ಬಲ ಇನ್ನೂ ಹೊರಟಿರುವುದಿಲ್ಲ, ಅವರು ದಿಕ್ಕು ಸರಿಪಡಿಸಿಕೊಂಡು ನಿಮ್ಮ ಭುಜದ ಮೇಲೇ ಬರುತ್ತಾರೆ. ತಡವಾದರೆ ಮುಂಗೈ ಎದೆಗೆ ಅಂಟಿ ಸಿಕ್ಕಿಬೀಳುತ್ತದೆ, ಬಿಡಿಸಿಕೊಳ್ಳಲು ಮೊಣಕೈ ಮೇಲೇಳುತ್ತದೆ. ಮೇಲೆದ್ದ ಮೊಣಕೈಯನ್ನು ಎದುರಿನವರು ಎರಡು ಬೆರಳಲ್ಲಿ ಎತ್ತಿದರೂ ನೀವು ಹಿಮ್ಮಡಿಯ ಮೇಲೆ ಬರುತ್ತೀರಿ. ಮೊಣಕೈ ಯಾವಾಗಲೂ ಮಣಿಕಟ್ಟಿಗಿಂತ ಕೆಳಗೆ, ಮತ್ತು ಪಕ್ಕೆಲುಬಿನಿಂದ ಒಂದು ಮುಷ್ಟಿಯಷ್ಟು ದೂರ ಇರಲಿ.

ತಾಗಿದ ಜಾಗ ಉಜ್ಜಬಾರದು, ಉರುಳಬೇಕು. ಮಣಿಕಟ್ಟಿನ ಹಿಂಭಾಗದಿಂದ ಕಿರುಬೆರಳಿನ ಅಂಚಿಗೆ, ಅಲ್ಲಿಂದ ಅಂಗೈಗೆ ಸ್ಪರ್ಶ ಸಾಗುವಾಗ ಚರ್ಮ ಚರ್ಮದ ಮೇಲೆ ಜಾರಿದ್ದು ಗೊತ್ತಾದರೆ ನಿಮ್ಮ ಮುಂಗೈ ಸೊಂಟದ ತಿರುವಿಗಿಂತ ಮುಂದೆ ಅಥವಾ ಹಿಂದೆ ಇದೆ ಎಂದರ್ಥ. ತೋಳುಗಳು ಬೆವರಿದಾಗ ಇದು ಅಡಗಿಬಿಡುತ್ತದೆ, ಹಾಗಾಗಿ ಒಂದು ಸಣ್ಣ ಬಟ್ಟೆ ಹತ್ತಿರವಿರಲಿ.

ಈ ಚಕ್ರದ ದೊಡ್ಡ ಅಪಾಯ ಬೇರೆಯೇ ಇದೆ. ನೂರು ಸುತ್ತು ಆದ ಮೇಲೆ ಮೈಗೆ ದಾರಿ ಬಾಯಿಪಾಠವಾಗುತ್ತದೆ. ಕಣ್ಣು ಮುಚ್ಚಿ ಮಾಡಿದರೂ ಸಲೀಸು, ನೋಡುವವರಿಗೆ ಬಹಳ ಚೆಂದ. ಆದರೆ ಅಲ್ಲಿ ಯಾರೂ ಯಾರನ್ನೂ ಆಲಿಸುತ್ತಿಲ್ಲ. ಇಬ್ಬರೂ ತಮಗೆ ಗೊತ್ತಿರುವುದನ್ನು ಒಟ್ಟಿಗೆ ಒಪ್ಪಿಸುತ್ತಿದ್ದಾರೆ. ಇದನ್ನು ಒಡೆಯಲು ಒಂದೇ ನಿಯಮ ಸಾಕು: ಕೊಡುವವರು ಚಕ್ರದ ಯಾವ ಜಾಗದಲ್ಲಾದರೂ, ಸೂಚನೆ ಇಲ್ಲದೆ, ನಿಂತುಬಿಡಬಹುದು. ಪಡೆಯುವವರ ಮಣಿಕಟ್ಟು ಅಲ್ಲೇ ನಿಲ್ಲಬೇಕು. ಎರಡು ಬೆರಳಿನಗಲ ಮುಂದೆ ಹೋಗಿ ಸ್ಪರ್ಶ ಬಿಟ್ಟರೆ ನೀವು ಊಹೆಯ ಮೇಲೆ ಓಡುತ್ತಿದ್ದಿರಿ. ಒಂದು ವಾರ ಇದನ್ನು ಮಾಡಿದ ಮೇಲೆ ಇನ್ನೊಂದು ನಿಯಮ ಸೇರಿಸಿ: ನಿಂತ ಜಾಗದಿಂದ ಕೊಡುವವರು ಬಂದ ದಾರಿಯಲ್ಲೇ ಹಿಂದಿರುಗಬಹುದು. ಚಕ್ರ ಕುರೂಪವಾಗುತ್ತದೆ, ಆಗಲಿ.

ಇನ್ನೂ ಸಪ್ಪೆಯಾದ, ಆದರೆ ನಾನು ಬಹಳ ಮೆಚ್ಚುವ ಸಾಧನ ಒಂದು ಪೆನ್ಸಿಲ್. ಇಬ್ಬರ ತೋರುಬೆರಳ ತುದಿಗಳ ನಡುವೆ ಪೆನ್ಸಿಲ್ಲನ್ನು ಅಡ್ಡಲಾಗಿ ಹಿಡಿದು, ಒಬ್ಬರು ನಿಧಾನವಾಗಿ ಎಲ್ಲೆಂದರಲ್ಲಿ ಒಯ್ಯುತ್ತಾರೆ, ಇನ್ನೊಬ್ಬರು ಕಣ್ಣು ಮುಚ್ಚಿ ಹಿಂಬಾಲಿಸುತ್ತಾರೆ. ಒತ್ತಡ ಕಡಿಮೆಯಾದರೆ ಬೀಳುತ್ತದೆ, ಹೆಚ್ಚಾದರೆ ಬೆರಳಿಗೆ ಚುಚ್ಚುತ್ತದೆ. ಗುರು ಹೇಳಬೇಕಾದ್ದನ್ನೆಲ್ಲ ಪೆನ್ಸಿಲ್ಲೇ ಹೇಳುತ್ತದೆ. ತುದಿ ಚೂಪು ಮಾಡಿರದ ಹೊಸ ಪೆನ್ಸಿಲ್ ತೆಗೆದುಕೊಳ್ಳಿ, ಮುಖದ ಎತ್ತರಕ್ಕೆ ಒಯ್ಯಬೇಡಿ.

ಸೂಕ್ಷ್ಮತೆ ಬಂದಿದೆಯೋ, ಬಂದಂತೆ ಅನ್ನಿಸುತ್ತಿದೆಯೋ?

ತೈ ಚಿ ಲೋಕದಲ್ಲಿ 'ನನಗೆ ಗೊತ್ತಾಗುತ್ತೆ' ಎನ್ನುವವರಿಗೆ ಬರವಿಲ್ಲ. ಪರೀಕ್ಷಿಸಿ ನೋಡುವುದು ಐದು ನಿಮಿಷದ ಕೆಲಸ. ಇಬ್ಬರೂ ಪಾದಗಳನ್ನು ಸಮಾನಾಂತರವಾಗಿಟ್ಟು ನಿಂತು ಮಣಿಕಟ್ಟು ತಾಗಿಸಿ. ಪಡೆಯುವವರು ಕಣ್ಣು ಮುಚ್ಚಲಿ. ಕೊಡುವವರು ನಾಣ್ಯ ಚಿಮ್ಮಿ, ಬಿದ್ದ ಮುಖಕ್ಕೆ ತಕ್ಕಂತೆ ಭಾರವನ್ನು ಎಡಪಾದಕ್ಕೋ ಬಲಪಾದಕ್ಕೋ ಮೆಲ್ಲಗೆ ಸರಿಸಲಿ. ಕೈಯನ್ನು ತಾನಾಗಿ ಅಲುಗಿಸಬಾರದು. ಪಡೆಯುವವರು 'ಎಡ' ಅಥವಾ 'ಬಲ' ಎನ್ನಲಿ. ಇಪ್ಪತ್ತು ಸಲ ಮಾಡಿ ಬರೆದಿಡಿ. ಸುಮ್ಮನೆ ಊಹಿಸಿದರೂ ಹತ್ತರ ಆಸುಪಾಸು ಸರಿ ಬರುತ್ತದೆ, ಹಾಗಾಗಿ 11–12ಕ್ಕೆ ಹಿಗ್ಗಬೇಡಿ. 20ರಲ್ಲಿ 15 ಅಥವಾ ಹೆಚ್ಚು ಸರಿಯಾದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ಸುಮಾರು 2 ಮಾತ್ರ. ನಾಣ್ಯ ಏಕೆಂದರೆ, ಮನುಷ್ಯರು ತಾವಾಗಿ ಆರಿಸುವಾಗ ಎಡ–ಬಲಗಳನ್ನು ಸರದಿಯಂತೆ ಬದಲಿಸುವ ಚಾಳಿ ಇರುತ್ತದೆ, ಎದುರಿನವರು ಅದನ್ನೇ ಹಿಡಿದುಬಿಡುತ್ತಾರೆ.

ಇದನ್ನೇ 150 ಗ್ರಾಂ ಸ್ಪರ್ಶದಲ್ಲಿ ಒಮ್ಮೆ, ಎರಡು ಕಿಲೋ ಒತ್ತಿಕೊಂಡು ಒಮ್ಮೆ ಮಾಡಿ ಎರಡು ಅಂಕಗಳನ್ನು ಹೋಲಿಸಿ. ಹಗುರವಾಗಿ ಮುಟ್ಟಿ ಎಂದು ಯಾರೂ ಮತ್ತೆ ಹೇಳಬೇಕಾಗುವುದಿಲ್ಲ.

ಕಣ್ಣು ಮುಚ್ಚುವುದಕ್ಕೂ ಕಾರಣವಿದೆ. ಕಣ್ಣಿಗೆ ಬಿದ್ದದ್ದಕ್ಕೆ ಕೈ ಪ್ರತಿಕ್ರಿಯಿಸಲು ಸಾಮಾನ್ಯವಾಗಿ ಸೆಕೆಂಡಿನ ಕಾಲುಭಾಗದಷ್ಟು ಹೊತ್ತು ಬೇಕು; ಚರ್ಮಕ್ಕೆ ತಾಗಿದ್ದಕ್ಕೆ ಅದಕ್ಕಿಂತ ಕಡಿಮೆ. ಕಣ್ಣು ತೆರೆದಿರುವಾಗ ಮಿದುಳು ಕಣ್ಣನ್ನೇ ನಂಬಿ ಚರ್ಮದ ಮಾತನ್ನು ಬದಿಗಿಡುತ್ತದೆ. ಆದರೆ ಕಣ್ಣು ಮುಚ್ಚಿದ ಅಭ್ಯಾಸ ಒಮ್ಮೆಗೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ. ಸಮತೋಲದ ತೊಂದರೆ ಇರುವವರು ಕಣ್ಣು ಮುಚ್ಚದೆ ನೋಟವನ್ನು ದೂರದ ಗೋಡೆಯ ಮೇಲೆ ಇಟ್ಟುಕೊಳ್ಳಲಿ.

ಎರಡು ಕೈಗಳ ನಾಲ್ಕು ಬಲ

ಪಂಗ್, ಲ್ಯು, ಜಿ, ಆನ್ ಎಂಬ ನಾಲ್ಕರ ಸರಪಳಿ ಎರಡು ಕೈಗಳ ಅಭ್ಯಾಸ. ಪ್ರತಿಯೊಂದೂ ಹಿಂದಿನದಕ್ಕೆ ಉತ್ತರ. ಒಬ್ಬರು ಎದುರಿನವರ ಮುಂಗೈ ಮೇಲೆ ಒಂದು ಕೈಯನ್ನು ಮಣಿಕಟ್ಟಿಗೂ ಇನ್ನೊಂದನ್ನು ಮೊಣಕೈಗೂ ಇಟ್ಟು ತಳ್ಳುತ್ತಾರೆ: ಇದು ಆನ್. ಪಡೆಯುವವರು ಮುಂಗೈಯ ಕಮಾನಿನಲ್ಲಿ ಅದನ್ನು ಹೊರುತ್ತಾರೆ: ಪಂಗ್. ಹೊತ್ತದ್ದನ್ನು ಸೊಂಟ ತಿರುಗಿಸಿ, ಒಂದು ಕೈ ಎದುರಿನವರ ಮಣಿಕಟ್ಟಿಗೂ ಇನ್ನೊಂದು ಮುಂಗೈ ಅವರ ಮೊಣಕೈಗೆ ತುಸು ಮೇಲಕ್ಕೂ ಅಂಟಿಸಿ ಪಕ್ಕಕ್ಕೆ ಒಯ್ಯುತ್ತಾರೆ: ಲ್ಯು. ಹಾಗೆ ಒಯ್ಯಲ್ಪಟ್ಟವರು ಬಿಡುವಾದ ಕೈಯನ್ನು ತಮ್ಮದೇ ಮುಂಗೈಯ ಒಳಬದಿಗೆ, ಮೊಣಕೈ ಮಡಿಕೆಯ ಹತ್ತಿರ ಸೇರಿಸಿ ಎದುರಿನವರ ಮಧ್ಯಕ್ಕೆ ಒತ್ತುತ್ತಾರೆ: ಜಿ. ಅದಕ್ಕೆ ಉತ್ತರವಾಗಿ ಎದುರಿನವರು ಎದೆ ಸಡಿಲಿಸಿ, ತಿರುಗಿ, ಎರಡೂ ಕೈಗಳಿಂದ ಆ ಮುಂಗೈಯನ್ನು ತುಸು ಕೆಳಗೊತ್ತಿ ಮುಂದೆ ತಳ್ಳುತ್ತಾರೆ. ಮತ್ತೆ ಆನ್, ಪಾತ್ರ ಬದಲು.

ಹೆಜ್ಜೆಗಳ ಕ್ರಮ ಕೆಲವೇ ದಿನಗಳಲ್ಲಿ ಬರುತ್ತದೆ. ಕೈಕೊಡುವುದು ಲ್ಯು. ಎಲ್ಲರೂ ಎಳೆಯುತ್ತಾರೆ. ಮಣಿಕಟ್ಟಿನ ಸುತ್ತ ಹೆಬ್ಬೆರಳು ಮುಚ್ಚಿಕೊಂಡಿತು ಅಂದರೆ ಅದು ಹಿಡಿತ, ಲ್ಯು ಅಲ್ಲ. ಎಳೆದಾಗ ಎದುರಿನವರಿಗೆ ಎರಡು ಉಡುಗೊರೆ ಸಿಗುತ್ತವೆ: ಏನೋ ನಡೆಯಲಿದೆ ಎಂಬ ಮುನ್ಸೂಚನೆ, ಮತ್ತು ನಿಮ್ಮ ಕಡೆಗೆ ಬರಲು ಬೇಕಾದ ಬಲ. ಅನುಭವಿಗಳಾದರೆ ಆ ಎಳೆತದ ಜೊತೆಗೇ ಒಳನುಗ್ಗಿ ಭುಜ ತಾಗಿಸುತ್ತಾರೆ. ಅದಕ್ಕೆ ಕಾವ್ ಎಂಬ ಹೆಸರೇ ಇದೆ. ಸರಿಯಾದ ಲ್ಯುನಲ್ಲಿ ಅವರು ಹೋಗುತ್ತಿದ್ದ ದಿಕ್ಕನ್ನು 10–15 ಡಿಗ್ರಿಯಷ್ಟು ಮಾತ್ರ ಬದಲಿಸುತ್ತೀರಿ, ವೇಗ ಅವರದೇ. ಅವರು ನಿಂತರೆ ಲ್ಯು ಕೂಡ ನಿಲ್ಲುತ್ತದೆ.

ಮೊಣಕೈಯ ಮೇಲಿನ ಕೈ ಸೋಮಾರಿಯಾಗುವುದು ಇನ್ನೊಂದು ರೋಗ. ಗಮನವೆಲ್ಲ ಮಣಿಕಟ್ಟಿನಲ್ಲಿ ಇರುತ್ತದೆ. ಮಣಿಕಟ್ಟು ಎಷ್ಟೋ ಕಡೆ ಬಾಗುವ ಜಾಗ, ಅದರಿಂದ ಮೈಯ ಸುದ್ದಿ ಸರಿಯಾಗಿ ಬರುವುದಿಲ್ಲ. ಮೊಣಕೈ ಭುಜಕ್ಕೆ ಹತ್ತಿರ, ಅಲ್ಲಿ ತಿಳಿಯುವುದು ಹೆಚ್ಚು, ಹತೋಟಿಯೂ ಹೆಚ್ಚು. ಒಂದು ಹತ್ತು ನಿಮಿಷ ಮಣಿಕಟ್ಟಿನ ಕೈಯನ್ನು ತೆಗೆದು ಮೊಣಕೈ ಮೇಲಿನ ಕೈಯೊಂದರಿಂದಲೇ ಸರಪಳಿ ಮಾಡಿದರೆ ಇದು ಬೇಗ ಮನದಟ್ಟಾಗುತ್ತದೆ.

ಹಳಬರು ತಪ್ಪುಗಳಿಗೆ ನಾಲ್ಕು ಹೆಸರು ಇಟ್ಟಿದ್ದಾರೆ: ಢಿಕ್ಕಿ ಹೊಡೆಯುವುದು, ಚಪ್ಪಟೆಯಾಗುವುದು, ಸ್ಪರ್ಶ ಕಳೆದುಕೊಳ್ಳುವುದು, ಎದುರು ನಿಲ್ಲುವುದು. ಮೊದಲನೆಯದೂ ಕೊನೆಯದೂ ಬಿಗಿಯ ಮಕ್ಕಳು, ಯಾರಿಗಾದರೂ ಕಾಣುತ್ತವೆ. ಚಪ್ಪಟೆಯಾಗುವುದು ಮಾತ್ರ ಮೃದುತ್ವದ ವೇಷದಲ್ಲಿ ಬರುತ್ತದೆ. 1960ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಕಲಿಸುತ್ತಿದ್ದ ಝೆಂಗ್ ಮನ್‌ಚಿಂಗ್ ಅವರು ಸೋಲಿನಲ್ಲಿ ಬಂಡವಾಳ ಹೂಡಬೇಕೆಂದು ಹೇಳುತ್ತಿದ್ದರು. ಮಾತು ಒಳ್ಳೆಯದು. ಆದರೆ ಅದನ್ನು ಕೇಳಿಕೊಂಡು, ಮುಟ್ಟಿದ ತಕ್ಷಣ ಕಮಾನು ಕುಸಿಯಬಿಟ್ಟು ಎದೆಯ ಮೇಲೆ ಕೈ ಬರಗೊಡುವವರು ಏನನ್ನೂ ಹೂಡುತ್ತಿಲ್ಲ. ಸೋಲುವಾಗಲೂ ಸ್ಪರ್ಶದಲ್ಲಿ 150 ಗ್ರಾಂ ಉಳಿದಿರಬೇಕು, ಬಲ ಯಾವ ದಾರಿಯಲ್ಲಿ ಬಂದು ಯಾವ ಕೀಲಿನಲ್ಲಿ ಸಿಕ್ಕಿಕೊಂಡಿತು ಎಂಬುದು ಗೊತ್ತಾಗಬೇಕು. ಭುಜದಲ್ಲೋ, ಸೊಂಟದ ಹಿಂಭಾಗದಲ್ಲೋ, ತೊಡೆಸಂದಿಯಲ್ಲೋ? ಈ ಪ್ರಶ್ನೆಗೆ ಉತ್ತರ ಇಲ್ಲದೆ ಬಿದ್ದರೆ ಅದು ಬರೀ ಬೀಳುವುದು.

ಜೊತೆಗಾರರು, ತೂಕ, ಕೆಲವು ಒಪ್ಪಂದಗಳು

90 ಕಿಲೋದವರು 55 ಕಿಲೋದವರ ಜೊತೆ ನಿಂತಾಗ ಕಲಿಯುವವರು ಯಾರು? ಹಗುರ ಇರುವವರು ಅನಿವಾರ್ಯವಾಗಿ ಕಲಿಯುತ್ತಾರೆ. ಭಾರ ಇರುವವರಿಗೆ ತಪ್ಪು ಮಾಡಿದರೂ ಏನೂ ಆಗುವುದಿಲ್ಲ, ಹಾಗಾಗಿ ತಪ್ಪೇ ಅಭ್ಯಾಸವಾಗುತ್ತದೆ. ಅವರಿಗೆ ಅರ್ಧ ಕಿಲೋ ಮಿತಿ ಹಾಕಿ: ಅದಕ್ಕಿಂತ ಹೆಚ್ಚು ಒತ್ತಿದ ಕೂಡಲೇ ಎದುರಿನವರು 'ಹೆಚ್ಚು' ಎಂದು ಬಾಯಿಬಿಟ್ಟು ಹೇಳಬೇಕು. ನಾಚಿಕೆಯಿಂದ ಸುಮ್ಮನಿರುವ ಜೊತೆಗಾರರು ಒಳ್ಳೆಯ ಜೊತೆಗಾರರಲ್ಲ. ಐದು–ಏಳು ನಿಮಿಷಕ್ಕೊಮ್ಮೆ ಜೋಡಿ ಬದಲಿಸಿ. ಒಬ್ಬರ ಜೊತೆಗೇ ತಿಂಗಳುಗಟ್ಟಲೆ ಮಾಡಿದರೆ ಅವರ ಚಾಳಿಗಳಿಗೆ ಹೊಂದಿಕೊಳ್ಳುತ್ತೀರಿ, ಅಷ್ಟೇ.

ವಾಚು, ಉಂಗುರ ತೆಗೆದಿಡಿ, ಉಗುರು ಕತ್ತರಿಸಿರಲಿ. ಜಾರುವ ನೆಲದ ಮೇಲೆ ಕಾಲುಚೀಲ ಹಾಕಿ ನಿಲ್ಲಬೇಡಿ. ಹಿಂದೆ ಕನಿಷ್ಠ ಎರಡು ಮೀಟರ್ ಖಾಲಿ ಜಾಗ ಇರಲಿ. ಗೋಡೆ, ಮೇಜಿನ ಅಂಚು ಇರುವ ಕಡೆಗೆ ತಳ್ಳಬಾರದು. ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ ಎಂಬುದನ್ನು ಶುರುವಿನಲ್ಲೇ ಮಾತಾಡಿಕೊಳ್ಳಿ. ಹೆಣ್ಣು ಗಂಡು ಯಾರೇ ಇರಲಿ, ಎದೆಯ ಬದಲು ಅಡ್ಡಲಾಗಿ ಹಿಡಿದ ಮುಂಗೈ ಅಥವಾ ಭುಜವನ್ನು ಗುರಿಯಾಗಿಸಿದರೆ ಅಭ್ಯಾಸಕ್ಕೆ ಏನೂ ಕೊರತೆಯಾಗುವುದಿಲ್ಲ. ಕುತ್ತಿಗೆ ಮತ್ತು ಮಂಡಿ ಯಾರಿಗೂ ಗುರಿಯಲ್ಲ. ಚಾಚಿದ ಮೊಣಕೈಯ ಕೀಲಿಗೆ ವಿರುದ್ಧ ದಿಕ್ಕಿನಲ್ಲಿ ಒತ್ತುವುದಂತೂ ಬೇಡವೇ ಬೇಡ. ಲ್ಯುನಲ್ಲಿ ಮುಂಗೈಯನ್ನು ಮೊಣಕೈಗೆ ತುಸು ಮೇಲೆ ಇಡಿ ಎಂದದ್ದು ಇದಕ್ಕೇ. ಮೂಳೆ ಸವೆತ ಇರುವವರ ಜೊತೆ ಥಟ್ಟನೆ ಕೈ ತೆಗೆಯುವ ಪರೀಕ್ಷೆ ಮಾಡಬೇಡಿ.

ಒಂದು ಗಂಟೆ ಸಿಕ್ಕರೆ ಹತ್ತು ನಿಮಿಷ ಸುಮ್ಮನೆ ನಿಲ್ಲುವುದು, ಹದಿನೈದು ನಿಮಿಷ ಕೈ ಇಲ್ಲದ ಭುಜದ ಅಭ್ಯಾಸ, ಇಪ್ಪತ್ತು ನಿಮಿಷ ನಿಲ್ಲಿಸಿ–ಹಿಂದಿರುಗಿಸುವ ನಿಯಮ ಸೇರಿದ ಒಂಟಿ ಚಕ್ರ, ಉಳಿದದ್ದು ಎರಡು ಕೈಗೆ. ವೇಗ ಹೆಚ್ಚಿಸುವುದು ಯಾವಾಗ ಎಂದು ಕೇಳಿದರೆ: ಎಡ–ಬಲದ ಪರೀಕ್ಷೆಯಲ್ಲಿ ಇಬ್ಬರೂ ಬೇರೆ ಬೇರೆ ದಿನಗಳಲ್ಲಿ 15 ದಾಟಿದ ಮೇಲೆ, ಅದೂ ಕೊಡುವವರ ಮೊಣಕೈ ಕೋನ ಬಿಚ್ಚಿಕೊಳ್ಳದಿರುವವರೆಗೆ ಮಾತ್ರ. ಕೋನ ಬಿಚ್ಚಿತೆಂದರೆ ಮತ್ತೆ 8 ಸೆಕೆಂಡಿನ ಸುತ್ತಿಗೆ ಇಳಿಯಬೇಕು. ಹೆಜ್ಜೆ ಹಾಕುತ್ತ ಮಾಡುವ ತುಯ್ ಶೌಗೆ ಅವಸರ ಬೇಡ. ಅಲ್ಲಿ ಪಾದ ಎತ್ತಿದ ಪ್ರತಿ ಸಲ ಒಂಟಿ ಕಾಲ ಮೇಲೆ ಇರುತ್ತೀರಿ, ಪಾದ ಊರಿಕೊಂಡು ಮಾಡುವಾಗಲೇ ಒರಗುತ್ತಿದ್ದವರು ಅಲ್ಲಿ ಪೂರ್ತಿ ಎದುರಿನವರ ಮೇಲೇ ನಡೆಯುತ್ತಾರೆ.